ಸಂಭವವಿದೆ ಎನ್ನುವ ಎಂಟ್‌ವಿಸಲ್
ಇಂಗ್ಲೆಂಡಿನ ಲ್ಯಾಂಕಶೈರಿನ ನಮ್ಮ ಗಿರಣಿ ಊರಿನ ನಗರಸಭೆಯ ಮನೆಗಳ ಇಲಾಖೆಯಲ್ಲಿ ಎಂಟ್‌ವಿಸಲ್ ಎಂಬ ಗುಮಾಸ್ತನಿದ್ದಾನೆ. ಅವನ ಬಾಯಿಂದ ಯಾವ ಮಾತೂ ನೆಟ್ಟಗೆ ಬರುವುದಿಲ್ಲ. ಮೊದಲು ಒಂದು ಸಂಭವವೋ ಸೂಚನೆಯೋ ಬಂದು ನಿಲ್ಲಬೇಕು, ಮಾತು ಅದರ ಬೆನ್ನ ಹಿಂದೆ ಅಡಗಿಕೊಂಡು ಬರಬೇಕು. ನನ್ನ ಮನೆಯ ಸೂರು ಸೋರಿದರೆ, “ದುರಸ್ತಿ ಆಗಬಹುದು ಅನ್ನೋ ಸಂಭವ ಇದೆ, ಮಿಸೆಸ್ ಥ್ರೆಲ್‌ಫಾಲ್” ಎನ್ನುತ್ತಾನೆ. ಚಹಾ ಕೊಟ್ಟರೆ, “ಇನ್ನೊಂದು ಚಮಚ ಸಕ್ಕರೆ ಹಾಕಬಹುದು ಅನ್ನೋ ಅಭಿಪ್ರಾಯ ಇದೆ” ಎನ್ನುತ್ತಾನೆ. “ಮದುವೆ ದಿನ ಪಾದ್ರಿಗೂ ಹೀಗೇ ಹೇಳಿದ್ಯೇನಯ್ಯಾ?” ಎಂದು ಪಕ್ಕದ ಮನೆಯ ವಿನಿಫ್ರೆಡ್ ಕೇಳಿದರೆ, ನಗದೆ ಕೈಯಲ್ಲಿನ ಟೋಪಿ ತಿರುಗಿಸುತ್ತಾನೆ. ಮೊನ್ನೆ ನಮ್ಮ ಸಾಲುಮನೆಗಳನ್ನು ಕೆಡವುವ ಸುದ್ದಿ ತಂದ. “ನೀವು ಮನೆ ಬಿಡಬೇಕಾಗಬಹುದು ಅನ್ನೋ ಸೂಚನೆ ಇದೆ.” “ಸೂಚನೆ ಕೊಟ್ಟೋನು ಯಾರಪ್ಪಾ? ಅವನನ್ನೇ ಕರ್ಕೊಂಡು ಬಾ. ನನ್ನ ಗಂಡ ಕಣ್ಣು ಮುಚ್ಚಿದ ಮನೆ ಇದು, ನಾನು ಕದಲಲ್ಲ” ಎಂದೆ. ಅವನು ಬೀದಿಯ ಆಚೆ ಈಚೆ ನೋಡಿ, ದನಿ ತಗ್ಗಿಸಿ, “ನಾಳೆ ಮನೆ ಖಾಲಿ ಮಾಡಿಸೋರು ಬಂದ್ರೆ ಬಾಗಿಲು ತೆಗೀಬೇಡಿ. ಹಿಂದಿನ ಬೀದೀಲಿ ನಮ್ಮಮ್ಮ ತೆಗೆದ್ಲು” ಎಂದ. ಹಿಂದಿನ ಬೀದಿ ಈಗ ಬರೀ ಇಟ್ಟಿಗೆಯ ರಾಶಿ. ಮಾರನೆಯ ದಿನ ಅವರು ಬಂದರು, ಬಡಿದರು, ಕೂಗಿದರು. ನಾನು ಅಗುಳಿ ಹಾಕಿ, ಕುರ್ಚಿ ಎಳೆದುಕೊಂಡು, ಬಾಗಿಲಿಗೇ ಬೆನ್ನು ಕೊಟ್ಟು ಕೂತಿದ್ದೆ.