ಓವರ್‌ಟೈಮಿನಲ್ಲಿ ಸಿಕ್ಕಿಕೊಂಡ ಮೃದಂಗ

ಕಾಂಜೀವರಂ ಸೀರೆ ಉಟ್ಟು, ತಲೆತುಂಬ ಮಲ್ಲಿಗೆ ಮುಡಿದು, ಹೆಗಲಿಗೊಂದು ಮೃದಂಗ ನೇತುಹಾಕಿಕೊಂಡು ನೀವು ಎಂದಾದರೂ ಫುಟ್‌ಬಾಲ್ ಸ್ಟೇಡಿಯಮ್ಮಿನ ಗೇಟಿನಲ್ಲಿ ನಿಂತಿದ್ದೀರಾ?

ನಾನು ನಿಂತಿದ್ದೆ. ಮೊನ್ನೆ ಶನಿವಾರ. ಕೆಂಡದ ಮೇಲೆ ನಿಂತ ಹಾಗೆ.

ಗೇಟಿನ ಸೆಕ್ಯೂರಿಟಿಯವನು ಬಂದು ಚೀಲದಲ್ಲಿ ಏನಿದೆ ಎಂದ. ಡ್ರಮ್ಮು ಎಂದೆ. ಹಾಗಾದರೆ ನೀವು ಬ್ಯಾಂಡಿನವರಾ ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಅಲ್ಲಪ್ಪಾ, ಬ್ಯಾಂಡಿನವಳ ಅಮ್ಮ ಎಂದೆ. ಪಾಪ, ತಲೆಬುಡ ಅರ್ಥವಾಗದೆ ಒಂದು ಕುರ್ಚಿ ತಂದುಕೊಟ್ಟ. (ಕೂತೆನಾ? ಆ ದಿನ ನನ್ನನ್ನು ಕೂರಿಸುವ ಕುರ್ಚಿ ಅಮೆರಿಕದಲ್ಲೇ ಇರಲಿಲ್ಲ.)

ವಿಷಯ ಇಷ್ಟೇ. ನನಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಮೇಘನಾ ಇಲ್ಲೇ ಕಾಲೇಜಿನಲ್ಲಿ ಓದುತ್ತಾಳೆ, ಕಾಲೇಜಿನ ಫುಟ್‌ಬಾಲ್ ಆಟಗಳಿಗೆ ನುಡಿಸುವ ಬ್ಯಾಂಡಿನಲ್ಲಿ ಡ್ರಮ್ಮು ಬಾರಿಸುತ್ತಾಳೆ. ಚಿಕ್ಕಂದಿನಿಂದ ಮೃದಂಗ ಕಲಿತವಳು. ಚಿಕ್ಕವಳು ಇಂಚರ, ಹೈಸ್ಕೂಲು, ಭರತನಾಟ್ಯ. ಅವತ್ತು ಸಂಜೆ ಐದಕ್ಕೆ ವಾಲ್ನಟ್ ಕ್ರೀಕಿನ ಒಂದು ಹಾಲ್‌ನಲ್ಲಿ ಇಂಚರಳ ರಂಗಪ್ರವೇಶ. ಅವಳದು ಮೊದಲಿನಿಂದಲೂ ಒಂದೇ ಹಟ. ಮೃದಂಗಕ್ಕೆ ಅಕ್ಕನೇ ಕೂರಬೇಕು.

ಹಟದಲ್ಲಿ ತಪ್ಪೇನಿಲ್ಲ ಬಿಡಿ. ಅಕ್ಕ ನಮ್ಮ ಅಡುಗೆಮನೆಯ ರವೆ ಡಬ್ಬ ಬಡಿಯುವುದು, ತಂಗಿ ಸ್ಟವ್ ಮುಂದೆ ಕುಣಿಯುವುದು, ಹೀಗೇ ಇಬ್ಬರೂ ಬೆಳೆದದ್ದು. ಆ ಡಬ್ಬದ ಮುಚ್ಚಳ ಇವತ್ತಿಗೂ ಸರಿಯಾಗಿ ಕೂರುವುದಿಲ್ಲ.

ಹಾಲ್ ಬುಕ್ ಮಾಡಿದ್ದು ವರ್ಷದ ಹಿಂದೆ. ಪಂಚಾಂಗ ನೋಡಿ, ರಾಹುಕಾಲ ತಪ್ಪಿಸಿ, ಊರಿಂದ ಬರುವ ಅಜ್ಜಿಯನ್ನು ಕೇಳಿ ದಿನ ಇಟ್ಟೆ. ಇಲ್ಲಿ ಕಾಲೇಜು ಫುಟ್‌ಬಾಲಿಗೂ (ಕಾಲಲ್ಲಿ ಒದೆಯುವುದಲ್ಲ, ಚೆಂಡು ಕೈಯಲ್ಲಿ ಹಿಡಿದು ಓಡುವ ಅಮೆರಿಕದ್ದು) ಮುಹೂರ್ತ ಇದೆ, ಅದನ್ನು ಇಡುವವರು ಟಿವಿಯವರು, ಅದೂ ಆಟಕ್ಕೆ ಕೆಲವೇ ದಿನ ಮೊದಲು ಎಂದು ನನಗೆ ಯಾರು ಹೇಳಿದ್ದರು? ಆಟ ಹನ್ನೆರಡೂವರೆಗೆ ಶುರು ಎಂದು ಗೊತ್ತಾಗುವ ಹೊತ್ತಿಗೆ ಇನ್ವಿಟೇಶನ್ ಹಂಚಿ ಆಗಿತ್ತು.

ಬ್ಯಾಂಡಿನವರದು ಕಟ್ಟುನಿಟ್ಟು. ಆಟ ಮುಗಿಯುವವರೆಗೆ ಯಾರೂ ಜಾಗ ಬಿಟ್ಟು ಏಳುವಂತಿಲ್ಲ. ಮೇಘನಾ ಗಣೇಶನ ಹಬ್ಬಕ್ಕೆಂದು ಒಂದು ಆಟ ತಪ್ಪಿಸಿದ್ದರಿಂದ ಮತ್ತೆ ರಜಾ ಕೇಳುವ ಮುಖ ಇರಲಿಲ್ಲ. ಇರಲಿ, ಆಟ ನಾಲ್ಕಕ್ಕೆ ಮುಗಿಯುತ್ತದೆ, ಟ್ರೈನು ಹಿಡಿದು, ಓಕ್ಲ್ಯಾಂಡಿನಲ್ಲಿ ಬದಲಾಯಿಸಿದರೆ ಐದರೊಳಗೆ ವಾಲ್ನಟ್ ಕ್ರೀಕು ಎಂದು ಪ್ಲ್ಯಾನು ಮಾಡಿದೆವು. ಗೇಮಿನ ದಿನ ಅಲ್ಲಿಗೆ ಕಾರು ತರುವವರು ಹುಚ್ಚರು ಮಾತ್ರ.

ನಾಲ್ಕು ಗಂಟೆಗೆ ಯಜಮಾನರ ಫೋನು. ಅವರು ಹಾಲ್‌ನಲ್ಲಿ ರೇಷ್ಮೆ ಜುಬ್ಬ ಹಾಕಿಕೊಂಡು ಹೂವಿನ ಅಲಂಕಾರ ನೋಡಿಕೊಳ್ಳಬೇಕಿತ್ತು. ನೋಡುತ್ತಿದ್ದದ್ದು ಫೋನಿನಲ್ಲಿ ಫುಟ್‌ಬಾಲು. ಹಾಸನದಲ್ಲಿ ಹುಟ್ಟಿದ ಈ ಮನುಷ್ಯನಿಗೆ ಮಗಳು ಬ್ಯಾಂಡ್ ಸೇರಿದ ಮೇಲೆ ಈ ಆಟ ತಲೆಗೇರಿಬಿಟ್ಟಿದೆ.

"ಟೈ ಆಯ್ತು ಕಣೆ!" ಧ್ವನಿಯಲ್ಲಿ ಏನು ಸಂಭ್ರಮ ಅಂತೀರಿ.

"ಟೈ ಅಂದ್ರೆ ಡ್ರಾ ತಾನೇ? ಮುಗೀತಲ್ಲ, ಅವಳು ಈಚೆ ಬರ್ತಾಳಾ?"

"ಡ್ರಾ ಗೀ ಎಲ್ಲ ಇಲ್ಲ ಇಲ್ಲಿ. ಓವರ್‌ಟೈಮು!"

ನಾವು ಐದು ದಿನ ಕ್ರಿಕೆಟ್ ಆಡಿ, ಡ್ರಾ ಮಾಡಿಕೊಂಡು, ಕೈಕುಲುಕಿ ಮನೆಗೆ ಹೋಗುವ ಜನ. ಇವರಿಗೇನು ಬಂದಿದೆ ರೋಗ?

ನಿಯಮವನ್ನೂ ಅವರೇ ವಿವರಿಸಿದರು. (ಹೆಂಡತಿ ಗೇಟಿನಲ್ಲಿ ಬೇಯುತ್ತಿರುವಾಗ ವಿವರಿಸುವ ತಾಳ್ಮೆ ಎಲ್ಲಿಂದ ಬರುತ್ತದೋ.) ಎರಡೂ ತಂಡಕ್ಕೆ ಒಂದೊಂದು ಸರದಿ. ಇಪ್ಪತ್ತೈದು ಗಜ ದೂರದಿಂದ ಚೆಂಡು ತೆಗೆದುಕೊಂಡು ಹೋಗಿ ಪಾಯಿಂಟು ಮಾಡಬೇಕು. ಆಗಲೂ ಸಮವಾದರೆ ಇನ್ನೊಂದು ಸುತ್ತು.

ಮೊದಲ ಸುತ್ತು ಸಮ. ಒಳಗೆ ಜನ ಹೋ ಎಂದರು, ನನ್ನ ಮಗಳ ಡ್ರಮ್ಮು ಢಬಢಬ ಎಂದಿತು. ಎರಡನೆಯ ಸುತ್ತೂ ಸಮ!

ಅಷ್ಟರಲ್ಲಿ ಡ್ಯಾನ್ಸ್ ಟೀಚರ್ ಫೋನು. ಪಾಪ, ಶಾಂತ ಸ್ವಭಾವದ ಹೆಂಗಸು. ಆದರೂ ಅವತ್ತು ಹಲೋ ಕೂಡ ಅನ್ನಲಿಲ್ಲ. "ಎಂಟೂವರೆಗೆ ಹಾಲ್ ಬಿಟ್ಟುಕೊಡಬೇಕು. ಮೇಘನಾ ಬರದಿದ್ರೆ ರೆಕಾರ್ಡೆಡ್ ಟ್ರ್ಯಾಕ್ ಹಾಕ್ಬಿಡೋಣ್ವಾ? ಪ್ರಾಕ್ಟೀಸಿಂದು ನನ್ನ ಹತ್ರ ಇದೆ."

ಹಿಂದಿನಿಂದ ಇಂಚರ ಫೋನು ಕಿತ್ತುಕೊಂಡಳು. "ಅಮ್ಮಾ, ನೋ ಅಕ್ಕ, ನೋ ಡ್ಯಾನ್ಸ್. ಐ ಮೀನ್ ಇಟ್." ಕಣ್ಣಿಗೆ ಅಷ್ಟಗಲ ಕಾಡಿಗೆ ತೀಡಿಯಾಗಿದೆ, ಅತ್ತರೆ ಕೆಟ್ಟುಹೋಗುತ್ತದೆ ಎಂದು ಮಗುವಿಗೆ ನೆಟ್ಟಗೆ ಅಳುವುದಕ್ಕೂ ಇಲ್ಲ. ವರ್ಷಗಟ್ಟಲೆ ಕಾದ ಒಂದು ಸಂಜೆ, ಯಾರೋ ಒಬ್ಬ ಚೆಂಡು ಹಿಡಿಯುತ್ತಾನೋ ಬಿಡುತ್ತಾನೋ ಎನ್ನುವುದರ ಮೇಲೆ ನಿಂತಿತ್ತಲ್ಲ!

ಮತ್ತೆ ಯಜಮಾನರು. ಈ ಸಲ ಕೋಪದಲ್ಲಿ.

"ನೋಡು, ಇನ್ನು ಶುರು ಇವರ ಮೋಸ. ಮೂರನೇದ್ರಿಂದ ಪೂರ್ತಿ ಸರದಿ ಇಲ್ಲ. ಮೂರು ಗಜದಿಂದ ಒಂದೊಂದೇ ಸಲ ಟ್ರೈ ಮಾಡೋದು. ಸೂಪರ್ ಓವರ್ರೂ ಟೈ ಆದ್ರೆ ಇನ್ಮೇಲೆ ಒಂದೊಂದೇ ಬಾಲು ಅಂದಂಗೆ. ಇದೊಂದು ಆಟನಾ? ಮೊದ್ಲು ಹೀಗಿರ್ಲಿಲ್ಲ. ಎಷ್ಟು ಸುತ್ತಾದ್ರೂ ಪೂರ್ತಿ ಆಡ್ತಿದ್ರು. ಈ ರೂಲು ತೆಗೀಲೇಬೇಕು!"

ಈ ಭಾಷಣ ನನಗೆ ಹೊಸದಲ್ಲ. ಮೆನ್ಲೋ ಪಾರ್ಕಿನ ಅವರ ಆಫೀಸಿನ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಸೀಸನ್ ಪೂರ್ತಿ ಇದೇ ಕೂಗು. ಚುಟುಕು ಮಾಡಿದರೆ ಆಟದ ಮಾನ ಹೋಗುತ್ತದಂತೆ.

"ರೀ, ಒಂದೊಂದೇ ಟ್ರೈ ಅಂದ್ರೆ ಬೇಗ ಮುಗಿಯುತ್ತಾ?"

"ಮುಗಿಯುತ್ತೆ, ಅದೇ ತಾನೇ ಪ್ರಾಬ್ಲಮ್ಮು!"

"ನಿಮ್ಮ ತಲೆ! ಆ ರೂಲು ಮಾಡಿದವನ ಹೊಟ್ಟೆ ತಣ್ಣಗಿರಲಿ" ಎಂದು ಫೋನು ಇಟ್ಟೆ.

ಮೂರನೆಯ ಸುತ್ತು ಕಣ್ಣು ಮಿಟುಕಿಸುವಷ್ಟರಲ್ಲಿ ಆಯಿತು. ಸಮ. ನಾಲ್ಕನೆಯದು. ಒಂದು ಗರ್ಜನೆ, ಆಮೇಲೆ ಇನ್ನೊಂದು, ಆಮೇಲೆ ಜನವೋ ಜನ. ಯಾರು ಗೆದ್ದರು? ದೇವರಾಣೆಗೂ ನನಗೆ ಇವತ್ತಿಗೂ ಗೊತ್ತಿಲ್ಲ.

ಜನರ ನಡುವೆ ಗರಿಯ ಟೋಪಿಯೊಂದು ಓಡೋಡಿ ಬಂತು. ಕೆಳಗೆ ನನ್ನ ಮಗಳು. "ಸಾರಿ ಅಮ್ಮಾ, ಸಾರಿ, ಸಾರಿ" ಎನ್ನುತ್ತಲೇ ಮೃದಂಗ ಕಿತ್ತುಕೊಂಡು ಸ್ಟೇಷನ್ನಿನ ಕಡೆ ಓಡಿದಳು. ಹಿಂದೆ ನಾನು, ನೆರಿಗೆ ಎತ್ತಿ ಹಿಡಿದು. ಟ್ರೈನಿನಲ್ಲಿ ಕಾಲಿಡಲು ಜಾಗವಿಲ್ಲ. ಮುಖಕ್ಕೆ ಬಣ್ಣ ಬಳಿದುಕೊಂಡಿದ್ದ ಹುಡುಗರು ನನ್ನ ಸೀರೆ ನೋಡಿ ಗೌರವದಿಂದ ಮೃದಂಗಕ್ಕೆ ಸೀಟು ಬಿಟ್ಟುಕೊಟ್ಟರು. ನಾವು ನಿಂತೇ ಬಂದೆವು.

ಹಾಲ್ ಮುಟ್ಟಿದಾಗ ಆರು ಹೊಡೆಯುವುದರಲ್ಲಿತ್ತು. ಸೀರೆ ಉಡಿಸಲು ಪುರುಸೊತ್ತೆಲ್ಲಿ? ಮೇಘನಾ ಶೂ ಬಿಚ್ಚಿ ಎಸೆದು, ಬ್ಯಾಂಡಿನ ಯೂನಿಫಾರಂನಲ್ಲೇ, ಚಿನ್ನದ ಗುಂಡಿಗಳ ಕೋಟಿನಲ್ಲೇ ವೇದಿಕೆ ಏರಿ ಚಕ್ಕಳಮಕ್ಕಳ ಹಾಕಿ ಕೂತಳು. ಟೀಚರ್ ಅವಳನ್ನು ಒಂದು ಕ್ಷಣ ನೋಡಿದರು.

"ಶ್ರುತಿ ಸೇರಿಸ್ಕೊಳ್ಳಮ್ಮ" ಎಂದರು, ಅಷ್ಟೇ.

ಪರದೆಯ ಸಂದಿಯಿಂದ ಇಂಚರ ಅಕ್ಕನನ್ನು ನೋಡಿದ್ದನ್ನು ನಾನು ನೋಡಿದೆ. ಹಲ್ಲುಬಿಟ್ಟು ನಕ್ಕಳು. ಉಸ್ಸಪ್ಪಾ! ಅವತ್ತು ನಾನು ಬಿಟ್ಟ ನಿಟ್ಟುಸಿರಿಗೆ ಮುಂದಿನ ಸಾಲಿನವರ ಶಾಲು ಹಾರಬೇಕಿತ್ತು. ಕುಣಿತ ಹೇಗಿತ್ತು ಎಂದು ಕೇಳಬೇಡಿ, ಹೆತ್ತವಳ ಮಾತು ನಂಬುವ ಹಾಗಿಲ್ಲ. ಮೃದಂಗಕ್ಕೂ ಗೆಜ್ಜೆಗೂ ಎಲ್ಲೂ ತಪ್ಪಲಿಲ್ಲ ಎಂದು ಮಾತ್ರ ಹೇಳಬಲ್ಲೆ.

ಕೊನೆಯ ಕುಣಿತ ತಿಲ್ಲಾನ ಒಂದು ಬಾಕಿ ಇತ್ತು. ಗಡಿಯಾರ ಎಂಟಕ್ಕೆ ಬಂದಿತ್ತು. ಅದಕ್ಕೂ ಮುಂಚೆ ಭಾಷಣಗಳು. ನಮ್ಮ ರಂಗಪ್ರವೇಶಗಳ ಸಂಪ್ರದಾಯ ನಿಮಗೆ ಗೊತ್ತಲ್ಲ? ನರ್ತಕಿ ಬೆವರು ಒರೆಸಿಕೊಳ್ಳುವ ನೆಪದಲ್ಲಿ ಊರಿನ ಹಿರಿಯರೆಲ್ಲ ಮೈಕು ಹಿಡಿದು, ಭರತ ಮುನಿಯಿಂದ ಶುರು ಮಾಡಿ ತಮ್ಮ ಬಾಲ್ಯಕ್ಕೆ ಬಂದು ನಿಲ್ಲುವುದು. ಫುಟ್‌ಬಾಲಿನವರ ಓವರ್‌ಟೈಮಿಗಾದರೂ ನಿಯಮ ಅಂತ ಒಂದಿದೆ. ನಮ್ಮದಕ್ಕೆ? ಆರು ಜನರ ಹೆಸರು ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಯಾರನ್ನು ಬಿಟ್ಟರೂ ಜನ್ಮದ ಮುನಿಸು. ಎಲ್ಲರೂ ಮಾತಾಡಿದರೆ ತಿಲ್ಲಾನಕ್ಕೆ ಎಳ್ಳುನೀರು. "ತಿಲ್ಲಾನ ಬಿಟ್ಬಿಡೋಣ್ವಾ?" ಎಂದು ಟೀಚರ್ ಮೆಲ್ಲಗೆ ಕೇಳಿದರು. ಇಂಚರಳ ಮುಖ ಸಣ್ಣಗಾಯಿತು.

ನಿರೂಪಣೆ ಯಜಮಾನರದ್ದು. ಮೈಕಿನ ಮುಂದೆ ಒಂದು ಗಳಿಗೆ ತಲೆ ಕೆರೆದುಕೊಂಡರು. ಆಮೇಲೆ ಘೋಷಿಸಿಯೇ ಬಿಟ್ಟರು.

"ದಯವಿಟ್ಟು ಕ್ಷಮಿಸಬೇಕು. ಇವತ್ತು ಕಾಲೇಜ್ ಫುಟ್‌ಬಾಲ್ ರೂಲು. ಮೊದಲನೆಯವರು, ಎರಡನೆಯವರು ಎರಡೆರಡು ನಿಮಿಷ. ಮೂರನೆಯವರಿಂದ ಒಬ್ಬೊಬ್ಬರಿಗೆ ಒಂದೇ ವಾಕ್ಯ."

ಹಾಲ್‌ಗೆ ಹಾಲೇ ಚಪ್ಪಾಳೆ! ಸ್ಟೇಡಿಯಮ್ಮಿನಲ್ಲೂ ಅಂಥದ್ದು ಕೇಳಿರಲಿಲ್ಲ.

ಮೂರನೆಯವರು ಮಂಡ್ಯದ ಹಿರಿಯರು, ಮಾತಿಗೆ ನಿಂತರೆ ಕೂರದವರು. ಮೈಕು ಹಿಡಿದು ಎರಡು ಸಲ ಕೆಮ್ಮಿದರು. "ಕೂಸು ಸಂದಾಗಿ ಕುಣೀತದೆ, ಇನ್ನೂ ಕುಣೀಲಿ" ಎಂದು ಇಳಿದುಬಿಟ್ಟರು. ಅವರ ಬದುಕಿನ ಶ್ರೇಷ್ಠ ಭಾಷಣ ಅದು ಎಂದು ಅವರ ಹೆಂಡತಿಯೇ ನನ್ನ ಕಿವಿಯಲ್ಲಿ ಹೇಳಿದರು.

ಆರನೆಯ ಹೆಸರು ಯಜಮಾನರದೇ. ತಂದೆಯ ಮಾತು. ತಿಂಗಳಿಂದ ಬರೆದು, ತಿದ್ದಿ, ಕನ್ನಡಿ ಮುಂದೆ ಅಭ್ಯಾಸ ಮಾಡಿದ ನಾಲ್ಕು ಪುಟ ಜುಬ್ಬದ ಜೇಬಿನಲ್ಲಿತ್ತು. ಈಚೆ ತೆಗೆದರು. ಅವರದೇ ರೂಲು ನೆನಪಾಯಿತೇನೋ, ಮಡಿಸಿ ಒಳಗಿಟ್ಟುಕೊಂಡರು. ಕೋಟು ಹಾಕಿಕೊಂಡು ಮೃದಂಗದ ಹಿಂದೆ ಕೂತ ದೊಡ್ಡವಳನ್ನು ನೋಡಿದರು. ಬೆವರುತ್ತ ನಿಂತ ಚಿಕ್ಕವಳನ್ನು ನೋಡಿದರು.

"ಇಬ್ಬರೂ ಒಟ್ಟಿಗೆ ಇದ್ದೀರಲ್ಲ ಮಕ್ಕಳಾ, ನಂಗಷ್ಟು ಸಾಕು" ಎಂದರು. ಇಂಚರ ಕಾಡಿಗೆಯ ಗೊಡವೆಯನ್ನೇ ಬಿಟ್ಟು ಅತ್ತಳು. ತಿಲ್ಲಾನ ಶುರುವಾಯಿತು.

ಆ ನಾಲ್ಕು ಪುಟದಲ್ಲಿ ಇದಕ್ಕಿಂತ ಹೆಚ್ಚಿನದು ಏನಿತ್ತು, ನೀವೇ ಹೇಳಿ?