ಎಡಕ್ಕೆ ವಾಲಿದ ಮಡಿಕೆಗಳು

ಅವಳು ಮಡಿಸಿಟ್ಟದ್ದು ಯಾವತ್ತೂ ಬಿಚ್ಚಿಕೊಳ್ಳದಿರಲಿ ಎಂಬುದೇ ಎಲ್ಲರ ಹಾರೈಕೆ. ಅವಳದೂ ಅದೇ. ಇಬ್ಬರು ಕೂರುವ ಪುಟ್ಟ ವಿಮಾನಗಳಲ್ಲಿ, ಸೀಟುಗಳ ಹಿಂದಿನ ಕತ್ತಲಲ್ಲಿ, ಅವಳ ಕೆಲಸ ಸುಮ್ಮನೆ ಕೂತಿರುತ್ತದೆ. ಎಂಜಿನ್ ಕೈಕೊಟ್ಟು ಇನ್ನು ದಾರಿಯಿಲ್ಲ ಎಂದಾಗ ವಿಮಾನ ಹಾರಿಸುವವರು ಕೆಂಪು ಹಿಡಿಯನ್ನು ಎಳೆಯಬೇಕು. ಚಿಕ್ಕದೊಂದು ರಾಕೆಟ್ ಸಿಡಿದು ಬಟ್ಟೆಯನ್ನು ಹೊರಗೆಳೆಯುತ್ತದೆ. ಪ್ಯಾರಾಚೂಟ್ ಅರಳಿ, ಮನುಷ್ಯರನ್ನಷ್ಟೇ ಅಲ್ಲ, ಇಡೀ ವಿಮಾನವನ್ನೇ ತೂಗುಹಾಕಿಕೊಂಡು ಇಳಿಸುತ್ತದೆ. ಕಾರ್ಖಾನೆಯಲ್ಲಿ ಅದಕ್ಕೆ ಛತ್ರಿ ಎನ್ನುತ್ತಾರೆ. ಅವಳಿಗೆ ಛತ್ರಿ ಅಕ್ಕ ಎನ್ನುತ್ತಾರೆ.

ಕೋಣೆ ಉದ್ದಕ್ಕಿದೆ, ಮೇಜೂ ಹೆಚ್ಚುಕಡಿಮೆ ಕೋಣೆಯಷ್ಟೇ ಉದ್ದ. ಬಟ್ಟೆಯನ್ನು ಅದರ ಮೇಲೆ ಹಾಸಿ, ಒಂದೊಂದೇ ಪಟ್ಟಿಯನ್ನು ಮಡಿಸಿ, ಮರಳು ಚೀಲದ ಭಾರವಿಟ್ಟು, ಕೊನೆಗೆ ಪ್ರೆಸ್ ಯಂತ್ರದಲ್ಲಿ ಇಟ್ಟಿಗೆಯಷ್ಟು ಗಟ್ಟಿಯಾಗುವಂತೆ ಅದುಮಿ ಪೆಟ್ಟಿಗೆಗೆ ತುಂಬಬೇಕು. ಇದು ಇಬ್ಬರ ಕೆಲಸ. ಮೊದಲು ಮೇಜಿನ ಆಚೆ ಬದಿಗೆ ಗಂಡ ನಿಲ್ಲುತ್ತಿದ್ದ. ಎಡಚ. ಅವನ ಮಡಿಕೆಗಳೆಲ್ಲ ಒಂದು ಕೂದಲೆಳೆ ಎಡಕ್ಕೆ ವಾಲುತ್ತಿದ್ದವು.

"ನಿನ್ನ ಬಟ್ಟೆಗೆ ಕತ್ತು ಉಳುಕಿದೆ ನೋಡು," ಎಂದು ಅವಳು ಛೇಡಿಸುತ್ತಿದ್ದಳು.

"ಮೇಲಿಂದ ಬೀಳೋರು ಎಡ ಬಲ ನೋಡ್ತಾರೇನೇ?"

ಅವನು ತೀರಿಕೊಂಡ ಮೇಲೆ ಬೇರೆಯವರನ್ನು ಕೊಡುತ್ತೇವೆ ಎಂದರು ಕಚೇರಿಯವರು. ಬೇಡವೆಂದಳು. ಅವನ ಬದಿಗೆ ಮರಳು ಚೀಲವಿಟ್ಟು ಒಬ್ಬಳೇ ಮಡಿಸುವುದನ್ನು ಕಲಿತಳು. ಚೀಲ ಸಮಾಧಾನ ಹೇಳುವುದಿಲ್ಲ, ಅದೊಂದು ಅನುಕೂಲ.

ಛತ್ರಿಗೆ ಹತ್ತು ವರ್ಷದ ಅವಧಿ. ಆಮೇಲೆ ಅದು ಕಾರ್ಖಾನೆಗೆ ಮರಳಬೇಕು. ಬಿಚ್ಚಿ, ಗಾಳಿಗೆ ತೂಗುಬಿಟ್ಟು, ಪರೀಕ್ಷಿಸಿ, ಮತ್ತೆ ಮಡಿಸಿ, ಸರಿಯಿದೆ ಎಂಬ ಮುದ್ರೆ ಒತ್ತಬೇಕು. ಹಾಗೆ ಗಂಡ ಮಡಿಸಿದ್ದವೆಲ್ಲ ಒಂದೊಂದಾಗಿ ಬರುತ್ತಿದ್ದವು. ಪೆಟ್ಟಿಗೆಯಲ್ಲಿ ಎಡಕ್ಕೆ ವಾಲಿದ ಮಡಿಕೆ ಕಂಡ ದಿನ ಅವಳು ಮನೆಗೆ ನಿಧಾನವಾಗಿ ನಡೆಯುತ್ತಿದ್ದಳು. ಬಿಚ್ಚುವವಳೂ ಅವಳೇ, ನೆಟ್ಟಗೆ ಮಡಿಸುವವಳೂ ಅವಳೇ. ತನ್ನ ಕೈಯಿಂದಲೇ ಅವನನ್ನು ಅಳಿಸುತ್ತ ಬಂದಿದ್ದಳು. ಈಗ ಕಪಾಟಿನಲ್ಲಿ ಒಂದೇ ಒಂದು ಉಳಿದಿತ್ತು. ಅದನ್ನು ಬಿಚ್ಚಲು ಕೈ ಬರುತ್ತಿರಲಿಲ್ಲ.

ಅದು ವಿಮಾನ ಹಾರಿಸುವುದನ್ನು ಕಲಿಸುವ ಮುದಿ ಮೇಷ್ಟ್ರದ್ದು. ಶುಕ್ರವಾರ ಅವರೇ ಬಂದು ನಿಂತರು.

"ಏನಮ್ಮಾ ಛತ್ರಿ ಅಕ್ಕ, ಕಾವು ಕೊಡ್ತಾ ಕೂತಿದ್ದೀಯಾ? ಮರಿ ಯಾವಾಗ ಆಗುತ್ತೆ?"

"ನಾಳೆ ಆಗುತ್ತೆ ಮೇಷ್ಟ್ರೇ."

"ನಿನ್ನ ನಾಳೆಗೆ ಗಡ್ಡ ಮೀಸೆ ಬಂತು. ಭಾನುವಾರ ಮೊಮ್ಮಗಳು ಮೊದಲನೇ ಸಲ ಒಬ್ಬಳೇ ಹಾರ್ತಾಳೆ. ಛತ್ರಿ ಇಲ್ಲದೆ ಕಳಿಸಲಾ?" ಪೆಟ್ಟಿಗೆಯ ಮೇಲೆ ಕೈಯಿಟ್ಟು ಮೇಷ್ಟ್ರು ದನಿ ತಗ್ಗಿಸಿದರು. "ಇದು ನಿಮ್ಮ ಯಜಮಾನ್ರು ಮಡಿಸಿದ್ದಲ್ವಾ? ಅವರ ಕೈ ತಪ್ಪಿದ್ದು ನಾನಂತೂ ಕೇಳಿಲ್ಲ. ಬಿಚ್ಚೋಕೆ ಮನಸ್ಸಿಲ್ಲದಿದ್ರೆ ಹಾಗೇ ಮುದ್ರೆ ಒತ್ತಿಬಿಡು. ನನಗೆ ನಂಬಿಕೆ ಇದೆ."

ಯಾರಿಗೂ ಹೇಳದೆ ಇದ್ದುದನ್ನು ಮೇಷ್ಟ್ರು ಕಂಡುಕೊಂಡಿದ್ದರು. ಮುದ್ರೆ ಮೇಜಿನ ಮೇಲೇ ಇತ್ತು. ಒಮ್ಮೆ ಒತ್ತಿದರೆ ಇನ್ನೂ ಹತ್ತು ವರ್ಷ ಅವನ ಮಡಿಕೆಗಳು ಆಕಾಶದಲ್ಲಿ ಓಡಾಡಿಕೊಂಡಿರುತ್ತವೆ. ಅವಳು ಮುದ್ರೆಯನ್ನು ಕೈಗೆತ್ತಿಕೊಂಡಳು.

"ಹುಡುಗಿ ಹೇಗೆ, ಧೈರ್ಯಸ್ಥೆಯಾ?"

"ಹೆದರಿಕೆ ಅನ್ನೋದೇ ಗೊತ್ತಿಲ್ಲ. ಅದೇ ನನಗೆ ಹೆದರಿಕೆ."

ಅವಳು ಮುದ್ರೆಯನ್ನು ಡ್ರಾಯರಿಗೆ ಹಾಕಿದಳು. "ನಾಳೆ ಮಧ್ಯಾಹ್ನ ಬನ್ನಿ."

ಅವರು ಹೋದ ಮೇಲೆ ಬಾಗಿಲು ಹಾಕಿಕೊಂಡು ಪೆಟ್ಟಿಗೆ ತೆರೆದಳು. ಮೇಲಿನ ಮಡಿಕೆಗಳು ಅವನು ಈಗಷ್ಟೇ ಕೈಬಿಟ್ಟಂತಿದ್ದವು. ಒಂದೊಂದನ್ನೂ ಅಂಗೈಯಿಂದ ಸವರಿ ಬಿಡಿಸಿದಳು. ತಳಕ್ಕೆ ಬಂದಾಗ ಬೆರಳು ನಿಂತಿತು. ಪೆಟ್ಟಿಗೆಯ ಸಂದಿಯಲ್ಲಿ ಯಾವಾಗಲೋ ನೀರು ಸೇರಿತ್ತು. ಬಟ್ಟೆ ಕಂದು ತಿರುಗಿ, ಮಡಿಕೆಗೆ ಮಡಿಕೆ ಅಂಟಿಕೊಂಡಿತ್ತು. ಎಳೆದರೆ ಒಣಗಿದ ಎಲೆಯಂತೆ ಹರಿಯಿತು. ತಪ್ಪು ಅವನದಲ್ಲ, ಮಡಿಕೆಗಳು ಇರಬೇಕಾದಲ್ಲೇ ಇದ್ದವು. ಆದರೆ ಆ ಹುಡುಗಿ ಹಿಡಿ ಎಳೆದಿದ್ದರೆ ಇದು ಅರಳುತ್ತಿರಲಿಲ್ಲ.

ಕೆಟ್ಟ ಛತ್ರಿಯನ್ನು ಮತ್ತಾರೂ ಬಳಸದಂತೆ ಮಡಿಸುವವರೇ ಕತ್ತರಿಸಿ ಹಾಕಬೇಕು. ಅಲ್ಲಿಯ ಕಟ್ಟುಪಾಡು ಅದು. ದೊಡ್ಡ ಕತ್ತರಿ ತಂದು ನಡುವಿನಿಂದ ಅಂಚಿನವರೆಗೆ ಕತ್ತರಿಸಿದಳು. ಒಂದು ತುಂಡನ್ನು ಮನೆಗೆ ಒಯ್ಯಬಹುದಿತ್ತು. ಆದರೆ ಬಿಡಿ ತುಂಡಿನಲ್ಲಿ ಎಡಕ್ಕೆ ವಾಲಿದ್ದು ಕಾಣುವುದಿಲ್ಲ.

ಮರುದಿನ ಮೇಷ್ಟ್ರು ಬಂದಾಗ ಮೇಜಿನ ಮೇಲೆ ಹೊಸ ಬಟ್ಟೆ ಹಾಸಿತ್ತು. ಅವಳು ಕಂದು ಚೂರೊಂದನ್ನು ಅವರ ಕೈಗಿಟ್ಟಳು. ಬೆರಳಲ್ಲಿ ಉಜ್ಜಿದ್ದೇ ತಡ, ಅದು ಹರಿಯಿತು. ಮೇಷ್ಟ್ರು ಸ್ಟೂಲು ಎಳೆದುಕೊಂಡು ಕೂತರು.

"ಒತ್ತಿಬಿಡು ಅಂದಿದ್ದು ನಾನೇ ಅಲ್ಲವೇನಮ್ಮಾ?"

"ನಾನೂ ಕೈಗೆ ತಗೊಂಡಿದ್ದೆ ಮೇಷ್ಟ್ರೇ."

ಅವರು ಎದ್ದು ಮೇಜಿನ ಆಚೆ ಬದಿಗೆ ಹೋದರು. "ಈ ಕಡೆ ನಾನು ಹಿಡೀಲಾ?"

ಅವಳು ಅವರ ಕೈಗಳನ್ನು ನೋಡಿದಳು. "ಬೇಡ ಬಿಡಿ. ನನಗೆ ಅಭ್ಯಾಸ ಆಗಿದೆ," ಎಂದು ಮರಳು ಚೀಲವನ್ನು ಎತ್ತಿ ಅಲ್ಲಿಟ್ಟಳು.

ಭಾನುವಾರ ಬೆಳಿಗ್ಗೆ ಮನೆಯ ತಾರಸಿಯಲ್ಲಿ, ಒಣಗಿದ ಹೊದಿಕೆಯನ್ನು ಒಬ್ಬಳೇ ಮಡಿಸುತ್ತಿದ್ದಳು. ಒಂದು ಅಂಚನ್ನು ಗದ್ದದ ಕೆಳಗೆ ಒತ್ತಿ ಹಿಡಿದಿದ್ದಳು. ಆಗ ಮೇಲೆ ಪುಟ್ಟ ಎಂಜಿನ್ನಿನ ಸದ್ದು ಕೇಳಿತು. ತಲೆಯೆತ್ತಿದರೆ ಹೊದಿಕೆ ಜಾರುತ್ತದೆ. ಹಾಗೇ ನಿಂತಳು, ಸದ್ದು ದೂರವಾಗುವವರೆಗೆ.