ಸಾಹೇಬರಿಗೆ ಮೀನು ಆಗುವುದಿಲ್ಲ

ತಾರಾಬಾಯಿ, ಸಾಹೇಬರಿಗೆ ಯಾವ ರೋಗವೂ ಇರಲಿಲ್ಲ. ಹೊಟ್ಟೆಯೂ ಗಟ್ಟಿ, ಹಲ್ಲೂ ಗಟ್ಟಿ. ನಿನ್ನ ಬುಟ್ಟಿಯ ಮೀನನ್ನೆಲ್ಲ ಒಬ್ಬರೇ ಮುಗಿಸಬಲ್ಲವರಾಗಿದ್ದರು. ಡಾಕ್ಟರು ಮೀನು ಬಿಡಿಸಿದ್ದಾರೆ ಎಂದು ನಾನು ಹೇಳಿದ್ದು ಶುದ್ಧ ಸುಳ್ಳು. ಇದನ್ನೂ ನಿನಗೆ ಓದಲು ಬಾರದ ಕನ್ನಡದಲ್ಲಿ ಬರೆಯುತ್ತಿದ್ದೇನೆ ನೋಡು—ಅಷ್ಟು ನನ್ನ ಧೈರ್ಯ!

ಉಗಾರ ಬುದ್ರುಕದಲ್ಲಿ ನನ್ನ ತವರು ಮೊಟ್ಟೆಯೂ ಹೊಸ್ತಿಲು ದಾಟದ ಮನೆ. ಎಂಬತ್ತರ ದಶಕದಲ್ಲಿ ಗಂಡನಿಗೆ ಮುಂಬಯಿ ಬಂದರಿನ ಗೋದಾಮಿನಲ್ಲಿ ಕೆಲಸ ಸಿಕ್ಕಿತೆಂದು ಅವನ ಹಿಂದೆ ಬಂದೆ. ಹೊರದೇಶದಿಂದ ಆಗಷ್ಟೇ ಬಂದಿದ್ದ ಕಾನ್ಸುಲ್ ಸಾಹೇಬರೊಬ್ಬರ ಮನೆಗೆ ಅಡುಗೆಯವಳು ಬೇಕಾಗಿತ್ತು. ಎಲ್ಲ ಅಡುಗೆಯೂ ಬರುತ್ತದೆ ಎಂದುಬಿಟ್ಟೆ. ಮೊದಲ ದಿನವೇ ಹಿಂಬಾಗಿಲಲ್ಲಿ ನೀನು, ತಲೆಯ ಮೇಲೆ ಬುಟ್ಟಿ. ಹಿಂದಿದ್ದ ಸಾಹೇಬರ ಅಡುಗೆಯವ ದಿನಾ ನಿನ್ನಲ್ಲೇ ಕೊಳ್ಳುತ್ತಿದ್ದನಂತೆ. ಬುಟ್ಟಿಯೊಳಗಿಂದ ಒಂದು ಮೀನು ನನ್ನನ್ನೇ ನೋಡುತ್ತಿತ್ತು. "ಸಾಹೇಬಾಂನಾ ಮಾಸೆ ಚಾಲತ ನಾಹೀತ" ಎಂದು ಮರಾಠಿಯಲ್ಲಿ ಹೇಳಿದೆ—ಸಾಹೇಬರಿಗೆ ಮೀನು ಆಗುವುದಿಲ್ಲ. ಡಾಕ್ಟರು ಬಿಡಿಸಿದ್ದಾರೆ ಎಂದೂ ಸೇರಿಸಿದೆ.

ನಿನಗೆ ಹೇಳಿದ್ದಾಯಿತು, ಇನ್ನು ಸಾಹೇಬರಿಗೆ? ನನ್ನ ಪುಣ್ಯಕ್ಕೆ ಅವರ ದೇಶಕ್ಕೆ ಸಮುದ್ರವೇ ಇರಲಿಲ್ಲ. ಸಂಜೆ ಬಾಲ್ಕನಿಯಲ್ಲಿ ಕುಳಿತು ಬಂದರನ್ನು ಮಗುವಿನಂತೆ ನೋಡುತ್ತ ಕಂಡದ್ದನ್ನೆಲ್ಲ ಮುರುಕು ಹಿಂದಿಯಲ್ಲಿ ಕೇಳುತ್ತಿದ್ದರು. ಇಲ್ಲಿಯ ಜನಕ್ಕೆ ಸಮುದ್ರ ದೇವರು, ಅದರೊಳಗಿನದನ್ನು ತಿನ್ನುವುದಿಲ್ಲ ಎಂದೆ. ನಾರಳಿ ಹುಣ್ಣಿಮೆಗೆ ನಿಮ್ಮವರು ಕಡಲಿಗೆ ತೆಂಗಿನಕಾಯಿ ಬಿಟ್ಟರಲ್ಲ—ಸಾಹೇಬರಿಗೆ ನನ್ನ ಮಾತು ಖಾತ್ರಿಯಾಯಿತು! ದೋಣಿಗಳು ಎಲ್ಲಿಗೆ ಹೋಗುತ್ತವೆ? ಪೂಜೆಗೆ. ಹಗ್ಗದ ಮೇಲೆ ಮೀನು ಒಣಗಿಸುವುದೇಕೆ? ಕಬ್ಬಿನ ಹೊಲಕ್ಕೆ ಗೊಬ್ಬರ. ಜೋಳದ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳ ಚಟ್ನಿಯನ್ನೇ ಬಂದರಿನ ಊಟವೆಂದು ಬಡಿಸಿದೆ. ಅವರು ಅದನ್ನೇ ಅತಿಥಿಗಳಿಗೆ ಹೆಮ್ಮೆಯಿಂದ ಹೇಳುತ್ತಿದ್ದರು. ಅತಿಥಿಗಳು ತಮಾಷೆ ಎಂದುಕೊಂಡು ನಗುತ್ತಿದ್ದರು.

ನೀನಾದರೂ ಸಿಟ್ಟಾಗಿ ದೂರವಾಗಬಾರದಿತ್ತೆ? ಅರ್ಧ ಮಾರದೆ ಉಳಿದ ಬುಟ್ಟಿ ಹೊತ್ತು ಮರಳುವಾಗಲೂ ಹಿಂಬಾಗಿಲಿಗೆ ಬಂದು ಸಾಹೇಬರ ಹೊಟ್ಟೆ ಹೇಗಿದೆ ಎಂದು ವಿಚಾರಿಸುತ್ತಿದ್ದೆ. ಹಬ್ಬಕ್ಕೆ ರೋಗಿಗೆಂದು ಸಿಹಿ ತೆಂಗಿನ ಅನ್ನ ತಂದೆ. ಸಾಹೇಬರು ನನ್ನ ಮಾತು ನಂಬಿ ನಿನ್ನನ್ನು ಸಮುದ್ರದ ಪೂಜಾರಿಣಿ ಎಂದು ತಿಳಿದು ಮೇಲಿನಿಂದ ಕೈಮುಗಿಯುತ್ತಿದ್ದರು. ನೀನೋ, ಪಾಪ, ಮುಖ ಎಷ್ಟು ಕೆಂಪಗಾಗಿದೆ ಎಂದು ಮರುಗುತ್ತಿದ್ದೆ. ನಡುವೆ ನಾನು ಸೆರಗನ್ನು ಬಾಯಿಗೊತ್ತಿಕೊಂಡು ನಗು ತಡೆಯುತ್ತಿದ್ದೆ. ಆಮೇಲೆ ಇಬ್ಬರೂ ಮೆಟ್ಟಿಲ ಮೇಲೆ ಕುಳಿತು ಊರ ಸುದ್ದಿಯೆಲ್ಲ ಆಡುತ್ತಿದ್ದೆವು. ಎಷ್ಟು ಚೆಂದದ ದಿನಗಳವು, ತಾರಾಬಾಯಿ!

ಸುಗ್ಗಿಯಲ್ಲಿ ಸಾಹೇಬರು ನನ್ನ ತವರು ನೋಡಬೇಕೆಂದರು. ನನ್ನಣ್ಣ ಅವರಿಗೆ ಕಬ್ಬಿನ ಹಾಲು ಕುಡಿಸಿ ಕೃಷ್ಣೆಯ ದಂಡೆಗೆ ಕರೆದೊಯ್ದ. ಅಲ್ಲಿ ಅಂಬಿಗನೊಬ್ಬ ಕಲ್ಲೊಲೆ ಹೂಡಿ ಮೀನು ಹುರಿಯುತ್ತಿದ್ದ.

"ಬರ್ರಿ ಸಾಹೇಬ್ರ, ಒಂದ ತುಂಡ ತಗೋರಿ. ಈಗ ಹಿಡದದ್ದೈತಿ."

ಸಾಹೇಬರು ನನ್ನ ಮುಖ ನೋಡಿದರು. ನಾನು ಹೊಳೆ ನೋಡಿದೆ. ಅವರು ಒಂದು ತುಂಡು ತಿಂದರು, ಮತ್ತೊಂದು ತಿಂದರು, ಆಮೇಲೆ ಕೈಯನ್ನೇ ತಡೆಯಲಿಲ್ಲ. ನದಿಯೂ ದೇವರಲ್ಲವೇ ಎಂದು ಅವರು ಕೇಳಿದ್ದನ್ನು ನಾನೇ ಅಂಬಿಗನಿಗೆ ಕನ್ನಡದಲ್ಲಿ ಹೇಳಬೇಕಾಯಿತು.

"ಪೂಜಾನೂ ಮಾಡ್ತೇವ್ರಿ, ಮೀನೂ ತಿಂತೇವ್ರಿ," ಎಂದ ಅಂಬಿಗ.

ಅಣ್ಣ ನನ್ನತ್ತ ತಿರುಗಿದ. "ಏ ಶಾಂತಾ, ಮುಂಬೈದಾಗ ಎಲ್ಲಾರೂ ಮೀನ ತಿಂತಾರ. ಇವರಿಗೆ ನೀ ಏನ್ ಮಾಡಿ ಹಾಕಾಕತ್ತಿ?"

ಸಾಹೇಬರ ಮುಂದೆ ಎಲ್ಲವನ್ನೂ ಬಾಯಿಬಿಟ್ಟೆ—ದೇವರು, ಗೊಬ್ಬರ, ಪೂಜಾರಿಣಿ, ಎಲ್ಲ. ಕೆಲಸ ಹೋಯಿತು ಎಂದುಕೊಂಡೆ. ಸಾಹೇಬರು ನಕ್ಕ ನಗುವಿಗೆ ಮರಳ ಮೇಲೆ ಹಾಗೇ ಕುಸಿದು ಕುಳಿತರು. ಮೀನು ತಾವೇ ಬೇಯಿಸಿಕೊಳ್ಳುವುದು, ಅಷ್ಟು ಹೊತ್ತು ನಾನು ಅಂಗಳದಲ್ಲಿರುವುದು ಎಂದು ತೀರ್ಮಾನವಾಯಿತು. ಅವರ ಮುಂದೆ ನಾನು ಹಗುರಾದೆ.

ಮರಳಿದ ಮೇಲೆ ಅವರೇ ಕೆಳಗಿಳಿದು ನಿನ್ನ ಇಡೀ ಬುಟ್ಟಿ ಕೊಂಡರು. ಆಗ ನಾನು ಹೇಳಬೇಕಿತ್ತು—ಬಾಯಿ ತೆರೆದೂ ಇದ್ದೆ. ಅಷ್ಟರಲ್ಲಿ ನೀನು ನನ್ನನ್ನು ತಬ್ಬಿಕೊಂಡು ಕುಣಿದುಬಿಟ್ಟೆ. "ದೇವಿ ಪಾವಲೀ ಗ ಶಾಂತಾ!" ದೇವಿ ಒಲಿದಳಂತೆ. ಸಾಹೇಬರು ಗುಣವಾಗಿ ಮೀನು ತಿಂದ ದಿನ ನಿನ್ನ ತಾಯಿಯ ನತ್ತನ್ನು ಅರ್ಪಿಸುತ್ತೇನೆಂದು ಹರಕೆ ಹೊತ್ತಿದ್ದೆಯಂತೆ.

ಆ ಶುಕ್ರವಾರ ನಿನ್ನ ಓಣಿಯ ಹೆಂಗಸರೆಲ್ಲ ಹಾಡುತ್ತ ದೇವಿಯ ಗುಡ್ಡ ಹತ್ತಿದರು, ನಾನೂ ಹತ್ತಿದೆ. ನೀನು ನಗುನಗುತ್ತ ನತ್ತು ತೆಗೆದು ದೇವಿಯ ಮುಂದಿಟ್ಟೆ. ಪ್ರಸಾದದ ಮೊದಲ ತುತ್ತನ್ನು ನನ್ನ ಬಾಯಿಗೇ ಇಟ್ಟೆ. ನಾನು ನುಂಗಿದೆ.

ನಿನ್ನ ಸಂತೋಷ ಕೆಡಿಸಬಾರದೆಂದು ಸುಮ್ಮನಿದ್ದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳು. ನಿಜ ಹೇಳಿದ್ದರೆ ನೀನು ಮೀನು ಕೊಟ್ಟು ಹೋಗುತ್ತಿದ್ದೆ, ಮೆಟ್ಟಿಲ ಮೇಲೆ ಕೂಡುತ್ತಿರಲಿಲ್ಲ. ಆ ಊರಿನಲ್ಲಿ ನನಗೆ ಗೆಳತಿಯೆಂದು ನೀನೊಬ್ಬಳೇ ಇದ್ದೆ. ನಿನ್ನನ್ನು ಉಳಿಸಿಕೊಳ್ಳಲು ನಿನ್ನ ತಾಯಿಯ ನತ್ತು ಹೋಗಲಿ ಎಂದು ಬಿಟ್ಟೆ.